ನಂಬಿಕೆಯ ಹೊರಗೂ ನೆಮ್ಮದಿ

ಕೇಳುಗರಿಗೆ ನಮಸ್ಕಾರ.

"ದೇವರನ್ನು ನಂಬದಿದ್ದರೆ ಕಷ್ಟ ಬಂದಾಗ ಯಾರನ್ನು ನೆನೆಯುತ್ತೀರಿ?" ಮಂಗಳೂರು, ಉಡುಪಿ ಕಡೆಯ ನಾಸ್ತಿಕರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರ ಕಾಳಜಿ ನಿಜವಾದದ್ದು. ದೈವಗಳ ನೇಮ, ರಥೋತ್ಸವ, ಉರೂಸ್, ಇಗರ್ಜಿಯ ಹಬ್ಬ ಅಂತ ಊರಿಗೆ ಊರೇ ಸೇರುವ ನಾಡು ಇದು. ಅದರಿಂದ ದೂರ ಉಳಿದವರಿಗೆ ಸಂತೋಷ ಎಲ್ಲಿಂದ ಬರಬೇಕು, ಅಲ್ವಾ?

ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರನ್ನು ನೋಡಿ. ತಮ್ಮ ಅನುಭವಕ್ಕೆ ಬಾರದ ದೇವರನ್ನು ಅವರು ಒಪ್ಪಲಿಲ್ಲ. ಹಾಗಂತ ಬದುಕು ಬರಡಾಯಿತೇ? ಕಾದಂಬರಿ, ಯಕ್ಷಗಾನ, ಪುತ್ತೂರಿನ ಬಾಲವನ, ಕೈಗಾ ಅಣುಸ್ಥಾವರದ ವಿರುದ್ಧ ಹೋರಾಟ. 95ರ ವಯಸ್ಸಿನಲ್ಲಿ ಹಕ್ಕಿಗಳ ಬಗ್ಗೆ ಪುಸ್ತಕ ಬರೆದರು! ಆ ವಯಸ್ಸಿನಲ್ಲೂ ಹಕ್ಕಿಯ ಕುತೂಹಲ ಉಳಿಯುವುದು ಎಂಥ ಭಾಗ್ಯ.

ಎಲ್ಲರೂ ಕಾರಂತರಾಗಬೇಕಿಲ್ಲ. ನನ್ನ ಪರಿಚಯದವರೊಬ್ಬರು ಬ್ಯಾಂಕಿನಿಂದ ನಿವೃತ್ತರು, ಪೂಜೆ ಪುನಸ್ಕಾರ ಇಲ್ಲ. ಬೆಳಗ್ಗೆ ಆಸ್ಪತ್ರೆಯ ಚೀಟಿ ಕೌಂಟರ್ ಹತ್ತಿರ ಪೆನ್ನು ಹಿಡಿದು ಕೂರುತ್ತಾರೆ. ಹಳ್ಳಿಯಿಂದ ಬಂದವರ ಫಾರಂ ತುಂಬಿಸುತ್ತಾರೆ. ಓದಲು ಬಾರದ ಅಜ್ಜಿಯರಿಗೆ ತುಳುವಿನಲ್ಲಿ ವಿವರಿಸಿ, ಬೆಳಗ್ಗಿನ ಮಾತ್ರೆಯ ಲಕೋಟೆ ಮೇಲೆ ಸೂರ್ಯ, ರಾತ್ರಿಯದ್ದರ ಮೇಲೆ ಚಂದ್ರನ ಚಿತ್ರ ಬರೆದು ಕೊಡುತ್ತಾರೆ. ಹಬ್ಬದ ರಜೆ ಬಂದರೆ ಅವರಿಗೆ ಕೈಕಾಲು ಕಟ್ಟಿದ ಹಾಗಾಗುತ್ತದೆ. ಬದುಕಿಗೆ ಗುರಿ ಅಂದರೆ ನನ್ನ ಮಟ್ಟಿಗೆ ಇದೇ: ಯಾರೋ ನಮ್ಮ ದಾರಿ ಕಾಯುತ್ತಿರುತ್ತಾರೆ, ನಾವು ಎದ್ದು ಹೋಗಬೇಕು.

ಒಂದು ವಿಷಯದಲ್ಲಿ ನಾವು ನಂಬಿಕೆಯಿಲ್ಲದವರು ಹಿಂದೆ ಬಿದ್ದಿದ್ದೇವೆ. ಪವಾಡಗಳ ಬಣ್ಣ ಬಯಲು ಮಾಡುವ ಕೆಲಸವನ್ನು ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ದಶಕಗಳಿಂದ ಮಾಡಿದ್ದಾರೆ. ಅದು ಬೇಕೇ ಬೇಕು. ಆದರೆ ಸಾವಿನ ಮನೆಯಲ್ಲಿ ವಾದ ಕೆಲಸಕ್ಕೆ ಬಾರದು. ಅಲ್ಲಿ ಸಂಪ್ರದಾಯಕ್ಕೆ ಒಂದು ದೊಡ್ಡ ಬಲ ಇದೆ. ಯಾವ ದಿನ ಏನು, ಯಾರು ಬರಬೇಕು, ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಏನು ಅಡುಗೆ, ಎಲ್ಲ ಮೊದಲೇ ಗೊತ್ತು. ಅಳುತ್ತಿರುವವರು ಒಬ್ಬರೇ ಉಳಿಯುವುದಿಲ್ಲ. ಕ್ರಿಯೆ ಬೇಡ ಅನ್ನುವವರ ಮನೆಗೆ ಮೂರನೇ ದಿನಕ್ಕೇ ಜನ ಬರುವುದು ನಿಂತುಬಿಡುತ್ತದೆ. ಇದು ನನಗೆ ತುಂಬಾ ನೋವಿನ ಸಂಗತಿ.

ಹಾಗಾಗಿ ನಾವು ಕೆಲವು ಗೆಳೆಯರು ಸೇರಿ ರೂಢಿಯೊಂದನ್ನು ಮಾಡಿಕೊಂಡಿದ್ದೇವೆ. ಅಂಥ ಮನೆಗೆ ಗಂಜಿ, ಚಟ್ನಿ ಮಾಡಿಕೊಂಡು ಹೋಗುತ್ತೇವೆ. ತೀರಿಹೋದವರ ಬಗ್ಗೆ ಒಬ್ಬೊಬ್ಬರೂ ಮಾತಾಡುತ್ತೇವೆ. ತಿಂಗಳು ಕಳೆದ ಮೇಲೆ ಮತ್ತೆ ಹೋಗುತ್ತೇವೆ. ಪಾಸ್‌ಬುಕ್ಕಿನ ಹೆಸರು ಬದಲಾವಣೆ, ಪಿಂಚಣಿ ಅರ್ಜಿ, ಕರೆಂಟ್ ಬಿಲ್ಲು ಅಂತ ಕೆಲಸ ಜಾಸ್ತಿ ಇರುವುದು ಆಗಲೇ. ನಿಮ್ಮ ಊರಿನಲ್ಲೂ ನಾಲ್ಕು ಜನ ಸೇರಿದರೆ ಇದನ್ನು ಶುರು ಮಾಡಬಹುದು. ನಮಸ್ಕಾರ.