ಮನೆಯೋರು ಬಿಳಿ, ನೆಂಟರು ಬಣ್ಣ

ಸ್ಕ್ರೀನ್ ಮೇಲೆ ಕಾಣ್ತಿದೆಯಲ್ಲ, ಹೊಸ ನೇರಳೆ ಟೀ ಶರ್ಟು, ಬೆಲೆ ಚೀಟಿ ಇನ್ನೂ ತೋಳಲ್ಲಿ ನೇತಾಡ್ತಿದೆ. ಅದು ನಾನೇ. ಊರು ಲೂಸಿಯಾನದ ಬ್ಯಾಟನ್ ರೂಜ್. ಶನಿವಾರ ರಾತ್ರಿ, ಟೈಗರ್ ಸ್ಟೇಡಿಯಂನಲ್ಲಿ ಅಮೆರಿಕನ್ ಫುಟ್ಬಾಲ್, ಚೆಂಡು ಕೈಯಲ್ಲಿ ಹಿಡಿದು ಓಡೋ ಆಟ. ಒಂದು ಲಕ್ಷಕ್ಕೂ ಹೆಚ್ಚು ಜನ ಕೂರೋ ಜಾಗ. ನನಗೆ ಸಿಕ್ಕಿದ್ದು ಕೈ ಎತ್ತಿದ್ರೆ ಮೋಡ ಸಿಗೋ ಸಾಲು.

ಇಲ್ಲಿನ ಲೂಸಿಯಾನ ಸ್ಟೇಟ್ ಯೂನಿವರ್ಸಿಟಿ, ಚಿಕ್ಕದಾಗಿ ಎಲ್‌ಎಸ್‌ಯು, ಅಂದ್ರೆ ನೇರಳೆ ಮತ್ತು ಹೊನ್ನಿನ ಬಣ್ಣ ಅಂತ ಬಂದ ಮೊದಲ ವಾರದಲ್ಲೇ ಕಲಿತಿದ್ದೆ. ಇಲ್ಲಿ ಬೇಕರಿ ಕೇಕಿಗೂ ಅದೇ ಬಣ್ಣ. ಹಾಗಾಗಿ ಕಡು ಬಣ್ಣದ ಅಂಗಿಯೋರು ಚೆಂಡು ಹಿಡಿದು ನುಗ್ಗಿದ ತಕ್ಷಣ ಎದ್ದು ನಿಂತು ಶಿಳ್ಳೆ ಹೊಡೆದೆ. ಸುತ್ತಲಿನ ತಲೆಗಳೆಲ್ಲ ನನ್ನ ಕಡೆ ತಿರುಗಿದ್ವು. ಪಕ್ಕದ ಅಜ್ಜಿ ನನ್ನ ಟೀ ಶರ್ಟು ನೋಡಿದ್ರು, ಮುಖ ನೋಡಿದ್ರು, ಮೆತ್ತಗೆ ಹೇಳಿದ್ರು: "ಅದು ಆಬರ್ನ್ ಕಣಪ್ಪಾ. ನಮ್ಮೋರು ಬಿಳಿ."

ಅಷ್ಟು ಎತ್ತರದಿಂದ ಎದುರಾಳಿ ಆಬರ್ನ್ ಯೂನಿವರ್ಸಿಟಿಯ ಕಡು ನೀಲಿ ನೇರಳೆ ಥರಾನೇ ಕಾಣುತ್ತೆ. ದೇವರಾಣೆ.

ಕಾಲೇಜು ಫುಟ್ಬಾಲ್‌ನಲ್ಲಿ ಸಾಮಾನ್ಯವಾಗಿ ಮನೆ ತಂಡ ಬಣ್ಣ ಹಾಕುತ್ತೆ, ಬಂದ ತಂಡ ಬಿಳಿ. ಇಲ್ಲಿ ಉಲ್ಟಾ. ನೆಂಟರಿಗೆ ರೇಷ್ಮೆ ಉಡಿಸಿ ಯಜಮಾನ ಬಿಳಿ ಪಂಚೆಯಲ್ಲಿ ಬಾಗಿಲಿಗೆ ನಿಂತ ಹಾಗೆ. ಯಾಕೆ ಅಂತ ಕೇಳಿದ್ದೇ ತಪ್ಪಾಯ್ತು, ಅಜ್ಜಿ ಅರ್ಧ ಆಟ ನೋಡೋಕೆ ಬಿಡಲಿಲ್ಲ. ಮನೆಗೆ ಬಂದು ನಾನೂ ಒಂದಿಷ್ಟು ಓದಿದೆ.

ಮೊದಲು ಬಣ್ಣದ ಕಥೆ. 1893ರಲ್ಲಿ ಇವರ ಮೊಟ್ಟಮೊದಲ ಪಂದ್ಯ, ನ್ಯೂ ಆರ್ಲಿಯನ್ಸ್‌ನಲ್ಲಿ, ಟುಲೇನ್ ಯೂನಿವರ್ಸಿಟಿ ಎದುರು. ಕೋಚ್ ಚಾರ್ಲ್ಸ್ ಕೋಟ್ಸ್ ಕೆಮಿಸ್ಟ್ರಿ ಮೇಷ್ಟ್ರು. ಅವರೂ ಕ್ವಾರ್ಟರ್‌ಬ್ಯಾಕ್, ಅಂದ್ರೆ ತಂಡದ ಆಟ ನಡೆಸೋನು, ರಫಿನ್ ಪ್ಲೆಸೆಂಟ್ ಅನ್ನೋ ಹುಡುಗನೂ ಅಂಗಿಗೆ ಸಿಂಗಾರ ಮಾಡೋಣ ಅಂತ ರಿಬ್ಬನ್ ತರೋಕೆ ಹೋದ್ರಂತೆ. ಅಂಗಡಿಯವರು ಮಾರ್ಡಿ ಗ್ರಾ ಹಬ್ಬಕ್ಕೆ ಸರಕು ತರಿಸ್ತಿದ್ರು. ಹಬ್ಬದ ಬಣ್ಣ ಮೂರು: ನೇರಳೆ, ಹೊನ್ನು, ಹಸಿರು. ಹಸಿರಿನ್ನೂ ಬಂದಿರಲಿಲ್ಲ. ಇದ್ದದ್ದನ್ನೇ ಕೊಂಡ್ರು. ಆ ಆಟ 34-0ರಲ್ಲಿ ಸೋತ್ರು, ಬಣ್ಣ ಮಾತ್ರ ಉಳೀತು. ಪ್ಲೆಸೆಂಟ್ ಮುಂದೆ ಲೂಸಿಯಾನದ ಗವರ್ನರ್ ಆದ. ಸರಕು ಒಂದು ವಾರ ಮುಂಚೆ ಬಂದಿದ್ರೆ ನನ್ನ ಟೀ ಶರ್ಟು ಏನಾಗಿರ್ತಿತ್ತೋ!

ಬಿಳಿ ಬಂದದ್ದು 1958ರಲ್ಲಿ. ಕೋಚ್ ಪಾಲ್ ಡೀಟ್ಜೆಲ್ ಮನೆ ಪಂದ್ಯಕ್ಕೂ ಬಿಳಿ ಹಾಕಿಸಿದ್ರು. ಆ ವರ್ಷ ಒಂದೂ ಸೋಲಿಲ್ಲ, 11ಕ್ಕೆ 11, ರಾಷ್ಟ್ರೀಯ ಚಾಂಪಿಯನ್. ಇನ್ನು ಅಂಗಿ ಬದಲಾಯಿಸೋಕೆ ಯಾರಿಗೆ ಧೈರ್ಯ? ಮರುವರ್ಷ ಹ್ಯಾಲೋವೀನ್ ರಾತ್ರಿ ಇದೇ ಮೈದಾನದಲ್ಲಿ ಬಿಲ್ಲಿ ಕ್ಯಾನನ್ ಓಲ್ ಮಿಸ್ (ಮಿಸಿಸಿಪ್ಪಿ ಯೂನಿವರ್ಸಿಟಿ) ವಿರುದ್ಧ ಪಂಟ್, ಅಂದ್ರೆ ಎದುರಾಳಿ ದೂರಕ್ಕೆ ಒದ್ದ ಚೆಂಡು, ಹಿಡಿದು 89 ಗಜ ಓಡಿದ. 7-3ರ ಗೆಲುವು. ಅವನ ನಂಬರ್ 20, ಅದನ್ನ ಇನ್ನು ಯಾರಿಗೂ ಕೊಡಲ್ಲ. 18 ಹಾಗಲ್ಲ. ಅದು ಅಜ್ಜಿಯ ಕಾಸಿನ ಸರದ ಹಾಗೆ ಕೈ ದಾಟುತ್ತೆ. 2003ರಲ್ಲಿ ಮ್ಯಾಟ್ ಮಾಕ್ ಆ ನಂಬರ್‌ನಲ್ಲಿ ಚಾಂಪಿಯನ್ ಆದ, ಆಮೇಲೆ ಜೇಕಬ್ ಹೆಸ್ಟರ್‌ಗೆ ಹೋಯ್ತು. ಈಗ ಮನೆಗೆ ದೊಡ್ಡೋನ ಥರ ನಡ್ಕೊಳ್ಳೋ ಆಟಗಾರನಿಗೆ ಅದು ಸಿಗುತ್ತೆ.

ಸರಿ, ಬಿಳಿಗೆ ವಾಪಸ್. 1983ರಲ್ಲಿ ಕಾಲೇಜು ಕ್ರೀಡೆ ನಡೆಸೋ ಸಂಸ್ಥೆ ಎನ್‌ಸಿಎಎಯ ನಿಯಮ ಬಂತು: ಮನೆ ತಂಡ ಬಣ್ಣದ್ದೇ ಹಾಕ್ಬೇಕು. ಇವರು ಮುಖ ಗಂಟಿಕ್ಕಿಕೊಂಡು ನೇರಳೆಗೆ ಹೋದ್ರು. 1989ರಿಂದ 94ರವರೆಗೆ ಸತತ ಆರು ವರ್ಷ ಗೆಲುವಿಗಿಂತ ಸೋಲೇ ಜಾಸ್ತಿ. ಎಲ್ಲಾ ಅಂಗಿ ತಪ್ಪು ಅಂತ ಅಜ್ಜಿಯ ವಾದ. ಆದ್ರೆ ಅದೇ ನೇರಳೆಯ ಕಾಲದಲ್ಲಿ, 1986ರಲ್ಲಿ, ತಮ್ಮ ಲೀಗು ಎಸ್‌ಇಸಿಯನ್ನ ಗೆದ್ದಿದ್ರು ಅಂತ ನಾನು ಫೋನ್ ತೆಗೆದು ತೋರಿಸಿದೆ. ಅಜ್ಜಿ ಕನ್ನಡಕ ಹಾಕ್ಕೊಳ್ಳಲೇ ಇಲ್ಲ.

1995ರಲ್ಲಿ ಬಂದ ಕೋಚ್ ಜೆರ್ರಿ ಡಿನಾರ್ಡೊ ನಿಯಮ ಮಾಡೋರ ಬೆನ್ನು ಹತ್ತಿ ಬಿಳಿಗೆ ಒಪ್ಪಿಗೆ ತಂದ್ರು. ಒಂದೇ ಷರತ್ತು, ಬಂದ ತಂಡ ಹೂಂ ಅನ್ಬೇಕು. ಆ ಸೆಪ್ಟೆಂಬರ್‌ನಲ್ಲಿ ಬಿಳಿ ಹಾಕ್ಕೊಂಡು ಇದೇ ಆಬರ್ನ್‌ನ 12-6ರಲ್ಲಿ ಸೋಲಿಸಿದ್ರು. ಮರುವರ್ಷ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿ ತಂಡ ಬಿಲ್‌ಕುಲ್ ಆಗಲ್ಲ ಅಂತು. ಡಿನಾರ್ಡೊ ಅಲ್ಲಿ ಕೋಚ್ ಆಗಿದ್ದು, ಬಿಟ್ಟು ಬಂದೋರು ನೋಡಿ! ಇವರು ನೇರಳೆಗೂ ಹೋಗಲಿಲ್ಲ. ಹೊನ್ನಿನ ಬಣ್ಣದ ಜೆರ್ಸಿ ತೊಟ್ಟು ಬಂದು 35-0 ಬಾರಿಸಿದ್ರು. ನನಗೆ ಇಡೀ ಕಥೆಯಲ್ಲಿ ಇಷ್ಟವಾದದ್ದು ಈ ಹಠವೇ.

ನನ್ನದೂ ಒಂದು ಅನುಮಾನ ಇದೆ. ಸೆಪ್ಟೆಂಬರ್‌ನಲ್ಲಿ ಇಲ್ಲಿನ ಸೆಖೆ ನಮ್ಮ ಮಂಗಳೂರಿನ ಏಪ್ರಿಲ್ ಥರ. ಹಗಲು ಪಂದ್ಯಕ್ಕೆ ನೆಂಟರಿಗೆ ಕಡು ಬಣ್ಣ ತೊಡಿಸಿ ತಾವು ಬಿಳಿ ಹಾಕ್ಕೊಳ್ಳೋದು ಬರೀ ಅದೃಷ್ಟಕ್ಕೇನಾ? ಅಜ್ಜಿನ ಕೇಳಿದೆ, ಪಾಪ್‌ಕಾರ್ನ್ ಮುಂದೆ ಹಿಡಿದ್ರು.

ಇದು ಮರುದಿನದ ಕ್ಲಿಪ್ಪು, ಅಮ್ಮನ ವೀಡಿಯೋ ಕಾಲ್. ರಿಬ್ಬನ್, ನಿಯಮ, ಹಠ, ಎಲ್ಲಾ ಹೇಳಿದೆ. ಸುಮ್ಮನೆ ಕೇಳಿಸ್ಕೊಂಡು ಕೊನೆಗೆ ಅಂದಿದ್ದು ಇಷ್ಟು: "ಅಲ್ವೋ, ಬಿಳೀದು ಹಾಕ್ಕೊಂಡು ಹುಲ್ಲಲ್ಲಿ ಹೊರಳಾಡ್ತಾರಲ್ಲ, ಒಗೆಯೋರು ಯಾರು? ಅಲ್ಲಿ ಉಜಾಲಾ ಸಿಗುತ್ತಾ?"