ಮೂವತ್ತು ದಾಟಿದ ಮೇಲೆ ಎಂಬಿಬಿಎಸ್: ಸೀಟು ಸಿಗುತ್ತದೆಯೇ?

ಕೊಡಗಿನ ಕೇಳುಗರೇ, ನಮಸ್ಕಾರ.

ಬ್ಯಾಂಕಿನಲ್ಲೋ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲೋ ಹತ್ತು ವರ್ಷ ದುಡಿದು, ಈಗ ಡಾಕ್ಟರಾಗಬೇಕು ಅಂತ ಹೊರಟವರು ಮೊದಲು ಕೇಳುವುದು ವಯಸ್ಸಿನ ಬಗ್ಗೆ. ಆ ಚಿಂತೆ ಬಿಡಿ. ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ಗೆ ಇದ್ದ ಗರಿಷ್ಠ ವಯೋಮಿತಿಯನ್ನು 2022ರಲ್ಲೇ ತೆಗೆದುಹಾಕಿದ್ದಾರೆ. ಆದರೆ ಅನುಭವಕ್ಕೆ ಒಂದು ಅಂಕವೂ ಇಲ್ಲ. ಅಮೆರಿಕದಲ್ಲಿ ಸಂದರ್ಶನ, ಪ್ರಬಂಧ ಅಂತೆಲ್ಲ ಉಂಟು. ಇಲ್ಲಿ ಹದಿನೈದು ವರ್ಷ ನರ್ಸ್ ಆಗಿದ್ದವರೂ ನಿನ್ನೆ ಪಿಯುಸಿ ಮುಗಿಸಿದ ಹುಡುಗನೂ ಒಂದೇ ಸಾಲಿನಲ್ಲಿ ನಿಲ್ಲಬೇಕು.

ಅಡ್ಡ ಬರುವುದು ಹಳೆಯ ಅಂಕಪಟ್ಟಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗದವರಿಗೆ ಶೇಕಡಾ 50, ಮೀಸಲು ವರ್ಗದವರಿಗೆ 40 ಬೇಕು, ಇಂಗ್ಲಿಷೂ ಪಾಸಾಗಿರಬೇಕು. ಜೀವಶಾಸ್ತ್ರ ಓದದೆ ಎಂಜಿನಿಯರ್ ಆದವರು ಅದೊಂದನ್ನು ಮಾನ್ಯತೆ ಪಡೆದ ಮಂಡಳಿಯಲ್ಲಿ ಹೆಚ್ಚುವರಿ ವಿಷಯವಾಗಿ ಬರೆದು ಪಾಸು ಮಾಡಿಕೊಂಡರೆ ನಡೆಯುತ್ತದೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಹೇಳಿದೆ. ಕಾಮರ್ಸ್ ಓದಿದವರು ಮಾತ್ರ ಮೂರೂ ವಿಜ್ಞಾನ ವಿಷಯಗಳನ್ನು ಓದಿ ಪಾಸು ಮಾಡಿಕೊಳ್ಳಬೇಕು.

ಈಗ ನಿಮ್ಮ ಬಲವನ್ನು ಅಳೆಯಿರಿ. 2025ರ ಪ್ರಶ್ನೆಪತ್ರಿಕೆ ತೆಗೆದುಕೊಂಡು ಮಧ್ಯಾಹ್ನ ಎರಡರಿಂದ ಐದರವರೆಗೆ, ಉತ್ತರ ಗುರುತಿಸುವ ಓಎಂಆರ್ ಹಾಳೆಯಲ್ಲೇ ವೃತ್ತ ತುಂಬುತ್ತ ಬರೆಯಿರಿ. 180 ನಿಮಿಷ, 180 ಪ್ರಶ್ನೆ: ಜೀವಶಾಸ್ತ್ರ 90, ಉಳಿದೆರಡು 45-45. ಸರಿಯುತ್ತರಕ್ಕೆ 4, ತಪ್ಪಿಗೆ 1 ಕಳೆಯುತ್ತಾರೆ. ಜೀವಶಾಸ್ತ್ರದಲ್ಲಿ 70 ಸರಿ, 10 ತಪ್ಪು ಆದರೆ 270 ಅಂಕ. ರಸಾಯನಶಾಸ್ತ್ರದಲ್ಲಿ 22 ಸರಿ, 8 ತಪ್ಪಿಗೆ 80. ಭೌತಶಾಸ್ತ್ರದಲ್ಲಿ 15 ಸರಿ, 12 ತಪ್ಪಿಗೆ 48. ಒಟ್ಟು 398. ಬಹಳ ಜನ ಎಡವುವುದು ಈ ಕೊನೆಯ ವಿಷಯದಲ್ಲೇ. ಬಿಟ್ಟು ಹದಿನೈದು ವರ್ಷವಾದ ಲೆಕ್ಕ ಕೈಗೆ ಬರುವುದಿಲ್ಲ. ಇನ್ನೊಂದು ಮಾತು: ಕರ್ನಾಟಕದ ವಿಜ್ಞಾನ ಪಿಯುಸಿಗೆ, ನೀಟ್‌ಗೂ ಓದಬೇಕಾದ ಕೇಂದ್ರದ ಎನ್‌ಸಿಇಆರ್‌ಟಿ ಪಠ್ಯ ಬಂದದ್ದು 2012-13ರಿಂದ. ಅದಕ್ಕೂ ಮೊದಲು ಓದಿದವರು ಅಟ್ಟದ ಮೇಲಿನ ಪುಸ್ತಕ ಇಳಿಸಬೇಡಿ, ಹೊಸದು ಕೊಳ್ಳಿ.

ಅಂಕ ಬಂತು. ಅದನ್ನು ಹಿಂದಿನ ವರ್ಷದ ಅಂಕದ ಜೊತೆ ಹೋಲಿಸಿದಿರೋ, ಅಲ್ಲಿಗೆ ಲೆಕ್ಕ ಕೆಟ್ಟಿತು. 2024ರಲ್ಲಿ 600 ಅಂಕಕ್ಕೆ ರ‍್ಯಾಂಕ್ ಸುಮಾರು 80,000. 2025ರಲ್ಲಿ ಪ್ರಶ್ನೆಗಳು ಕಠಿಣವಾಗಿ ಅದೇ 600ಕ್ಕೆ ರ‍್ಯಾಂಕ್ ಸುಮಾರು 1,300! ಅಂಕ ಒಂದೇ, ಜಾಗ ಬೇರೆ. 2025ರಲ್ಲಿ ಸಾಮಾನ್ಯ ವರ್ಗಕ್ಕೆ ಅರ್ಹತೆಯ ಗೆರೆ 144 ಅಂಕ; ಅದನ್ನು ದಾಟಿದರೆ ಸೀಟು ಸಿಕ್ಕಿತು ಅಂತಲ್ಲ, ಸಾಲಿನಲ್ಲಿ ನಿಲ್ಲಲು ಬಿಟ್ಟರು ಅಂತ ಅಷ್ಟೇ.

ನೋಡಬೇಕಾದದ್ದು ರ‍್ಯಾಂಕ್, ಅದೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರಕಟಿಸುವ ಕಟ್ಆಫ್ ಪಟ್ಟಿಯಲ್ಲಿ, ಅಂದರೆ ಸೀಟು ಸಿಕ್ಕ ಕೊನೆಯವರ ಪಟ್ಟಿಯಲ್ಲಿ, ನಿಮ್ಮ ಕಾಲಂ ಕೆಳಗೆ ಇರುವ ಸಂಖ್ಯೆ. ಉದಾಹರಣೆಗೆ 3ಎ ವರ್ಗಕ್ಕೇ ಬೇರೆ ಬೇರೆ ಕಾಲಂಗಳಿವೆ: 3ಎಜಿ ಎಂದರೆ ಬರೀ ವರ್ಗ, 3ಎಆರ್ ಗ್ರಾಮೀಣ, 3ಎಕೆ ಕನ್ನಡ ಮಾಧ್ಯಮ. ಸೀಟು ಹಂಚಿಕೆಯ ಮೊದಲ ಸುತ್ತಿನದನ್ನೂ ಕೊನೆಯ ಸುತ್ತಿನದನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ 150 ಸೀಟು. ಶೇಕಡಾ 15 ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಉಳಿದದ್ದು ಇಡೀ ರಾಜ್ಯಕ್ಕೆ. ಕೊಡಗಿನವರು ಅನ್ನುವ ಕಾರಣಕ್ಕೆ ಇಲ್ಲಿ ಒಂದು ಸೀಟೂ ಮೀಸಲಿಲ್ಲ.

ಗ್ರಾಮೀಣ ಕೋಟಾಕ್ಕೆ ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಹಳ್ಳಿಯಲ್ಲೇ ಓದಿರಬೇಕು. ನಾಪೋಕ್ಲಿನಲ್ಲಿ ಏಳನೆಯವರೆಗೆ ಓದಿ ಹೈಸ್ಕೂಲಿಗೆ ಮಡಿಕೇರಿಗೆ ಬಂದವರಿಗೆ ಅದು ಸಿಗುವುದಿಲ್ಲ. ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯಸ್ಥರ ಸಹಿಯ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಈ ವಯಸ್ಸಿನಲ್ಲಿ ತೊಡಕು ಇಲ್ಲೇ: ಓದಿದ ಶಾಲೆ ಮುಚ್ಚಿರಬಹುದು, ದಾಖಲೆ ಪಕ್ಕದ ಶಾಲೆಗೆ ಹೋಗಿರಬಹುದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಮದುವೆಯ ನಂತರ ಆಧಾರ್‌ನಲ್ಲಿ ಇನ್ನೊಂದು ಮನೆತನದ ಹೆಸರು ಇದ್ದರೆ ಅರ್ಜಿಗೆ ಮೊದಲೇ ಸರಿಪಡಿಸಿಕೊಳ್ಳಿ. ಜಾತಿ ಪ್ರಮಾಣಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆ ಸರಿಯಿದೆಯೇ ಎಂದು ನಾಡಕಚೇರಿಯಲ್ಲಿ ಒಮ್ಮೆ ತೋರಿಸಿ.

ಸಮಯದ ವಿಷಯ. ಪರೀಕ್ಷೆ ಸಾಮಾನ್ಯವಾಗಿ ಮೇ ಮೊದಲ ವಾರ. ಅಂದರೆ ಕಡೆಯ ಓದು ಕಾಫಿ ಕೊಯ್ಲಿನ ತಿಂಗಳುಗಳ ಮೇಲೇ ಬಂದು ಬೀಳುತ್ತದೆ. ತೋಟ ನೋಡಿಕೊಳ್ಳುವವರು ಜನವರಿ, ಫೆಬ್ರವರಿಯನ್ನು ಓದಿನ ಲೆಕ್ಕಕ್ಕೆ ಹಿಡಿಯಬೇಡಿ; ಭೌತಶಾಸ್ತ್ರವನ್ನು ಮಳೆಗಾಲದಲ್ಲೇ ಮುಗಿಸಿ. ವರ್ಷಗಳ ಲೆಕ್ಕದಲ್ಲಿ ಓದು ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. 34ಕ್ಕೆ ಸೇರಿದರೆ ಹೊರಬರುವಾಗ ನಲವತ್ತರ ಹೊಸಿಲು. ಎಂಡಿ ಬೇಕೆಂದರೆ ಮತ್ತೆ ಮೂರು ವರ್ಷ.

ನೀಟ್ ಬರೆದ ಮಾತ್ರಕ್ಕೆ ಪ್ರಾಧಿಕಾರದ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ, ಅಲ್ಲಿ ಪ್ರತ್ಯೇಕ ನೋಂದಣಿ ಬೇಕು. ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ನಮೂದಿಸುವಾಗ, ನಿಜವಾಗಿ ಬೇಕಾದ ಕಾಲೇಜನ್ನೇ ಮೇಲೆ ಇಡಿ. ಮೇಲಿನದು ಸಿಕ್ಕಿದರೆ ಕೆಳಗಿನದನ್ನು ಯಂತ್ರ ನೋಡುವುದೇ ಇಲ್ಲ. ಶುಲ್ಕ ಕಟ್ಟಲಾಗದ ಖಾಸಗಿ ಸೀಟನ್ನು 'ಇರಲಿ' ಅಂತ ಪಟ್ಟಿಗೆ ಸೇರಿಸಬೇಡಿ. ಇದೆಲ್ಲ ನಡೆಯುವುದು ಜೋರು ಮಳೆಯ ದಿನಗಳಲ್ಲಿ. ಕರೆಂಟ್ ಹೋಗಿ ಟವರ್ ಸತ್ತರೆ ಕೊನೆಯ ದಿನವನ್ನು ಯಾರೂ ಮುಂದೂಡುವುದಿಲ್ಲ. ಎರಡು ದಿನ ಮೊದಲೇ ಕುಶಾಲನಗರಕ್ಕೆ ಇಳಿದು, ಪಟ್ಟಿ ಉಳಿಸಿ, ಪ್ರಿಂಟ್ ತೆಗೆದುಕೊಂಡು ಬನ್ನಿ.

ನಮಸ್ಕಾರ.