ಮೊನಾಡ್‌ನಾಕ್: ಆರಡಿ ದಪ್ಪದ ಗೋಡೆ, ಹದಿನಾರು ಅಂತಸ್ತು

ಇದು ಷಿಕಾಗೋ. ಜಾಕ್ಸನ್ ಬುಲೆವಾರ್ಡ್ ಮತ್ತು ಡಿಯರ್‌ಬಾರ್ನ್ ಬೀದಿ ಸೇರೋ ಮೂಲೆ. ಎದುರಿಗಿರೋದೇ ಮೊನಾಡ್‌ನಾಕ್. ಹೆಸರು ಒಂದೇ, ಕಟ್ಟಡ ಎರಡು. ಉತ್ತರದ ಅರ್ಧ 1891ರಲ್ಲಿ ಮುಗಿದದ್ದು, ಬರ್ನ್‌ಹ್ಯಾಮ್ ಅಂಡ್ ರೂಟ್ ಅನ್ನೋ ವಾಸ್ತುಶಿಲ್ಪ ಸಂಸ್ಥೆಯ ವಿನ್ಯಾಸ. ದಕ್ಷಿಣದ ಅರ್ಧ 1893ರದ್ದು, ಹೊಲಬರ್ಡ್ ಅಂಡ್ ರೋಶ್ ಅವರದ್ದು.

ತಲೆ ಎತ್ತಿ ನೋಡೋಕೆ ಮುಂಚೆ ಉತ್ತರ ಭಾಗದ ನೆಲಮಟ್ಟದ ಕಿಟಕಿ ನೋಡಿ. ಗಾಜು ಎಷ್ಟು ಒಳಗಿದೆ! ಇಲ್ಲಿ ಗೋಡೆಯ ದಪ್ಪ ಆರು ಅಡಿ. ಲೆಕ್ಕ ಸರಳ: ಒಂದು ಅಂತಸ್ತಿಗೆ 12 ಇಂಚು, ಮೇಲೆ ಕಟ್ಟೋ ಪ್ರತಿ ಅಂತಸ್ತಿಗೂ ಬುಡದಲ್ಲಿ ಇನ್ನು 4 ಇಂಚು. ಹದಿನಾರು ಅಂತಸ್ತಿಗೆ 72 ಇಂಚು ಆಯ್ತು. ತುದಿಗೆ ಹೋಗೋ ಹೊತ್ತಿಗೆ ಅದು 18 ಇಂಚಿಗೆ ಇಳಿಯುತ್ತೆ. ಹಾಗಂತ ಇದು ಬರೀ ಇಟ್ಟಿಗೆಯ ಕಟ್ಟಡ ಅಲ್ಲ. ಹೊರಗೋಡೆ ತನ್ನ ಭಾರ ತಾನೇ ಹೊರುತ್ತೆ ನಿಜ, ಆದರೆ ಒಳಗೆ ಕಬ್ಬಿಣದ ಕಂಬ, ತೊಲೆಗಳಿವೆ, ಗಾಳಿಯ ಒತ್ತಡ ತಡೆಯೋಕೆ ಬಿಗಿಪಟ್ಟಿಗಳೂ ಇವೆ.

ಮೈಮೇಲೆ ಅಲಂಕಾರ ಇಲ್ಲ. ಹೊರಚಾಚಿದ ಕೆತ್ತನೆ ಇದ್ದರೆ ಕೊಳೆ ಕೂರುತ್ತೆ, ಪಾರಿವಾಳ ಕೂರುತ್ತೆ ಅನ್ನೋದು ಮಾಲೀಕ ಪೀಟರ್ ಬ್ರೂಕ್ಸ್ ಅವರ ವಾದ. ಉಳಿದದ್ದು ಬುಡದಲ್ಲಿ ಮೆಲ್ಲಗೆ ಹೊರಬಾಗಿದ ಗೋಡೆ, ಅಲೆಯಂತೆ ಉಬ್ಬಿದ ಕಿಟಕಿಸಾಲು, ತುದಿಯಲ್ಲಿ ಮತ್ತೆ ಹೊರಕ್ಕೆ ತಿರುಗಿದ ಅಂಚು. ಈ ದುಂಡು ಮೂಲೆಗಳಿಗೆ ಅಂತಲೇ ಇಟ್ಟಿಗೆಗಳನ್ನ ಬೇರೆ ಅಚ್ಚಿನಲ್ಲಿ ಮಾಡಿಸಿದರು. ಇದನ್ನ ವಿನ್ಯಾಸ ಮಾಡಿದ ಜಾನ್ ರೂಟ್ 1891ರ ಜನವರಿಯಲ್ಲೇ ತೀರಿಕೊಂಡರು. ಇಷ್ಟು ನಿರಾಡಂಬರವಾಗಿ ಇಷ್ಟು ಚೆಂದ ಕಾಣೋ ಗೋಡೆ ಆ ಕಾಲದಲ್ಲಿ ಇನ್ನೊಂದಿಲ್ಲ ಅಂತಲೇ ನನ್ನ ಅನಿಸಿಕೆ.

ತೊಂದರೆ ಆದದ್ದು ಕೆಳಗೆ. ಷಿಕಾಗೋದ ನೆಲ ಮೆತ್ತನೆ ಜೇಡಿಮಣ್ಣು. ಉಕ್ಕಿನ ತೊಲೆಗಳನ್ನ ಜಾಲದಂತೆ ಹೆಣೆದು, ಕಾಂಕ್ರೀಟ್ ಸುರಿದು, ಗೋಡೆಗಿಂತ ಅಗಲವಾಗಿ ಬೀದಿಯ ಕೆಳಗೂ ಚಾಚಿದ ತಳಪಾಯ ಹಾಕಿದರು. 8 ಇಂಚು ಕುಸಿಯಬಹುದು ಅಂತ ಅಂದಾಜಿತ್ತು. 1940ರ ದಶಕದ ಕೊನೆಗೆ ಕುಸಿದದ್ದು 20 ಇಂಚು! ಬೀದಿಯಿಂದ ಒಳಗೆ ಹೋಗೋಕೆ ಮೆಟ್ಟಿಲು ಇಳಿಯಬೇಕಾಗಿ ಬಂತು.

ಒಳಗೆ ಮೆಟ್ಟಿಲ ಅಲಂಕಾರಕ್ಕೆ ಅಲ್ಯೂಮಿನಿಯಂ ಬಳಸಿದ್ದಾರೆ. ಆಗ ಅದು ದುಬಾರಿ ಲೋಹ. ಕಟ್ಟಡಗಳಲ್ಲಿ ಅದರ ಮೊಟ್ಟಮೊದಲ ಬಳಕೆಗಳಲ್ಲಿ ಇದೂ ಒಂದು.

ಈಗ ಡಿಯರ್‌ಬಾರ್ನ್ ಬೀದಿಯಲ್ಲಿ ದಕ್ಷಿಣಕ್ಕೆ ನಡೀರಿ. ಕಟ್ಟಡದ ನಡುಭಾಗ ದಾಟುತ್ತಿದ್ದಂತೆ ಲೆಕ್ಕವೇ ಬದಲಾಗುತ್ತೆ. ಇಲ್ಲಿ ಭಾರ ಹೊರೋದು ಉಕ್ಕಿನ ಚೌಕಟ್ಟು, ಗೋಡೆ ಬರೀ ಹೊದಿಕೆ. ಬುಡದಲ್ಲಿ ಗೋಡೆ ತೆಳು, ಕಿಟಕಿ ದೊಡ್ಡದು, ನೆತ್ತಿಯಲ್ಲಿ ಹಳೇ ಶೈಲಿಯ ಸೂರಂಚಿನ ಅಲಂಕಾರ. ತೂಕವೂ ಕಮ್ಮಿ, ಖರ್ಚೂ ಕಮ್ಮಿ, ಬಾಡಿಗೆಗೆ ಸಿಗೋ ಜಾಗ ಮಾತ್ರ ಜಾಸ್ತಿ. ಎರಡೇ ವರ್ಷದ ಅಂತರ. ಎರಡೂ ಒಂದೇ ಚೌಕಟ್ಟಿಗೆ ಬರಬೇಕು ಅಂದರೆ ಡಿಯರ್‌ಬಾರ್ನ್ ಬೀದಿಯ ಎದುರು ಪಾದಚಾರಿ ಮಾರ್ಗಕ್ಕೆ ದಾಟಿ, ಅಲ್ಲಿಂದ ಕ್ಯಾಮೆರಾ ಹಿಡೀರಿ.